ಎರಡೂ ಬಿಳಿ ಪುಡಿ, ಎರಡೂ ಜಿಂಕ್. ಒಂದಕ್ಕೆ ಮಾತ್ರ ದರ ಯಾಕೆ ದುಬಾರಿ? 'ಚಿಲೇಟೆಡ್' ಪ್ಯಾಕೆಟ್‌ ಒಳಗಿನ ಕಥೆ

ಕಡೂರು: ಗೊಬ್ಬರದಂಗಡಿ ಮುಂದೆ ನಿಂತ್ರೆ ಈ ಮಾತು ಆಗಾಗ ಕಿವಿಗೆ ಬೀಳುತ್ತೆ. 'ಅಣ್ಣಾ, ಆ ಜಿಂಕ್ ಮೂಟೆ ಅಷ್ಟು ಅಗ್ಗ, ಈ ಚಿಕ್ಕ ಪ್ಯಾಕೆಟ್‌ಗೆ ಯಾಕಿಷ್ಟು?' ಅಂಗಡಿಯವರು 'ಅದು ಸಲ್ಫೇಟು, ಇದು ಚಿಲೇಟೆಡ್ಡು' ಅಂತಾರೆ. ಅಲ್ಲಿಗೆ ಮಾತು ಮುಗೀತು. ಚಿಲೇಟೆಡ್ ಅಂದ್ರೆ ಏನು ಅಂತ ಕೊಳ್ಳುವವರೂ ಕೇಳಲ್ಲ, ಮಾರುವವರೂ ಹೇಳಲ್ಲ. ಕೇಳಿದ್ರೆ ಕೆಲವು ಕಡೆ ದುಡ್ಡು ಉಳಿಯುತ್ತೆ, ಕೆಲವು ಕಡೆ ದುಡ್ಡು ಕೊಟ್ಟಿದ್ದು ಸಾರ್ಥಕ ಆಗುತ್ತೆ.

ಚಿಲೇಟ್ ಅನ್ನೋ ಪದ ಬಂದಿದ್ದು ಗ್ರೀಕ್ ಭಾಷೆಯಿಂದ. ಏಡಿಯ ಮುಂಗಾಲಲ್ಲಿ ಇಕ್ಕಳದಂಥದ್ದು ಇರುತ್ತಲ್ಲ, ಅದಕ್ಕೆ ಗ್ರೀಕರು ಹೇಳ್ತಿದ್ದ ಹೆಸರು ಅದು. ಗದ್ದೆ ಬದುವಿನ ಏಡಿ ಬೆರಳು ಹಿಡಿದ್ರೆ ಹೇಗೆ ಬಿಡಲ್ವೋ, ಈ ಪುಡಿಯಲ್ಲಿ ಒಂದು ಅಣು ಜಿಂಕನ್ನ ಹಾಗೆ ಕಚ್ಚಿ ಹಿಡಿದಿರುತ್ತೆ. ಆ ಏಡಿಯ ಹೆಸರು ಇಡಿಟಿಎ. 1935ರ ಸುಮಾರಿಗೆ ಜರ್ಮನಿಯ ಫರ್ಡಿನಾಂಡ್ ಮ್ಯೂಂಜ್ ಎಂಬ ರಸಾಯನಶಾಸ್ತ್ರಜ್ಞ ಇದನ್ನ ತಯಾರಿಸಿದ. ಎರಡು ಸಾರಜನಕ, ನಾಲ್ಕು ಆಮ್ಲಜನಕ, ಒಟ್ಟು ಆರು ಕಡೆಯಿಂದ ಒಂದು ಲೋಹದ ಪರಮಾಣುವನ್ನ ಸುತ್ತುವರಿದು ಹಿಡಿಯೋದು ಇದರ ಕೆಲಸ.

ಇಡಿಟಿಎ ನಮಗೆ ಹೊಸದೇನಲ್ಲ. ಜ್ವರ ಬಂದು ಪ್ಲೇಟ್‌ಲೆಟ್ ಎಣಿಸೋಕೆ ರಕ್ತ ಕೊಟ್ಟಾಗ ಲ್ಯಾಬಿನವರು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕ್ತಾರಲ್ಲ, ಅದರ ಒಳಗೆ ಸವರಿರೋದು ಇದೇ. ರಕ್ತ ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ, ರಕ್ತ ನೀರಾಗೇ ಇರುತ್ತೆ. ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಬೋರ್‌ವೆಲ್ ನೀರಿನ ಗಡಸುತನ ಅಳೆಯೋಕೆ ಬ್ಯೂರೆಟ್‌ನಲ್ಲಿ ತುಂಬೋದೂ ಇದನ್ನೇ. ವೈನ್ ಕೆಂಪು ಬಣ್ಣ ನೀಲಿಗೆ ತಿರುಗೋವರೆಗೂ ಹನಿ ಎಣಿಸಿದವರಿಗೆ ನೆನಪಿರುತ್ತೆ.

ಮೈಲುತುತ್ತವೂ ಇದೇ ಜಾತಿ

ಮಧ್ಯದಲ್ಲಿ ಒಂದು ಲೋಹ, ಸುತ್ತ ಅದನ್ನ ಹಿಡಿದ ಅಣುಗಳು. ಇಂಥ ವಸ್ತುಗಳಿಗೆ ಕೋ-ಆರ್ಡಿನೇಷನ್ ಕಾಂಪ್ಲೆಕ್ಸ್ ಅಂತಾರೆ. ಪಿಯುಸಿ ಎರಡನೇ ವರ್ಷದ ಪುಸ್ತಕದಲ್ಲಿ ಇದಕ್ಕೇ ಒಂದು ಪಾಠ ಇದೆ, ಎಷ್ಟೋ ಮಕ್ಕಳು ಬಾಯಿಪಾಠ ಮಾಡಿ ಬಿಟ್ಟ ಪಾಠ. ಅಡಿಕೆ ತೋಟ ಇದ್ದವರ ಮನೆಯಲ್ಲೇ ಇದರ ಉದಾಹರಣೆ ಇದೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋ ಮೈಲುತುತ್ತ. ಅದರ ನೀಲಿ ಬಣ್ಣ ಬರೀ ತಾಮ್ರದ್ದಲ್ಲ, ತಾಮ್ರವನ್ನ ನೀರಿನ ಅಣುಗಳು ಹಿಡಿದಿರೋದ್ರಿಂದ ಬಂದದ್ದು. ಬೇಡವಾದ ತಗಡಿನ ಮೇಲೆ ಚಿಟಿಕೆ ಹಾಕಿ ಕಾಯಿಸಿದ್ರೆ ನೀರು ಹಾರಿ ಪುಡಿ ಬೆಳ್ಳಗಾಗುತ್ತೆ. ಆರಿದ ಮೇಲೆ ಎರಡು ಹನಿ ನೀರು ಬಿಟ್ರೆ ಮತ್ತೆ ನೀಲಿ. (ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಅದು ವಿಷ.)

ಲೋಹದ ಸುತ್ತ ಅಣುಗಳು ಲೆಕ್ಕ ಹಾಕಿದ ಹಾಗೆ ಜೋಡಣೆ ಆಗಿರ್ತವೆ ಅಂತ ಮೊದಲು ಹೇಳಿದ್ದು ಸ್ವಿಟ್ಜರ್ಲೆಂಡ್‌ನ ಆಲ್‌ಫ್ರೆಡ್ ವರ್ನರ್, 1893ರಲ್ಲಿ. ಹರಳಿನ ಒಳಗನ್ನ ನೋಡುವ ಎಕ್ಸ್-ರೇ ವಿಧಾನ ಆಗಿನ್ನೂ ಇರಲಿಲ್ಲ. 1913ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಈ ಕೆಲಸ ನಮ್ಮ ಪಕ್ಕದಲ್ಲೇ ನಡೀತಿದೆ. ಕಡೂರು, ತರೀಕೆರೆ ಕಡೆಯಿಂದ ಎಂ.ಎಸ್ಸಿ.ಗೆ ಹೋಗುವವರಿಗೆ ಗೊತ್ತಿರೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಲೋಹದ ಕಾಂಪ್ಲೆಕ್ಸ್‌ಗಳನ್ನ ತಯಾರಿಸಿ ಅವು ಡಿಎನ್‌ಎ ಜೊತೆ ಹೇಗೆ ಬೆರೀತವೆ ಅಂತ ನೋಡಿದ ಸಂಶೋಧನೆಗಳು ಪ್ರಕಟವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕು ಬಿದ್ದಾಗ ಮಾತ್ರ ಕ್ಯಾನ್ಸರ್ ಕೋಶ ಕೊಲ್ಲುವಂಥ ಕಾಂಪ್ಲೆಕ್ಸ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ನಮ್ಮ ರಕ್ತದ ಕೆಂಪು, ಎಲೆಯ ಹಸಿರು ಎರಡೂ ಇದೇ ಕುಟುಂಬ: ಒಂದರ ನಡುವೆ ಕಬ್ಬಿಣ, ಇನ್ನೊಂದರ ನಡುವೆ ಮೆಗ್ನೀಸಿಯಂ.

ಶೇ. 12 ಯಾಕೆ, 20 ಯಾಕಲ್ಲ?

ಈಗ ಅಂಗಡಿಗೆ ಬರೋಣ. ಜಿಂಕ್ ಸಲ್ಫೇಟ್ ಹರಳಿನಲ್ಲಿ ಶೇ. 21 ಜಿಂಕ್ ಇರಬೇಕು, ಮಾನೋಹೈಡ್ರೇಟ್ ಅನ್ನೋ ಪುಡಿಯಲ್ಲಿ ಶೇ. 33. ದುಬಾರಿ ಚಿಲೇಟೆಡ್ ಜಿಂಕ್‌ನಲ್ಲಿ ಇರಬೇಕಾದ್ದು ಶೇ. 12 ಮಾತ್ರ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಲೆಕ್ಕ ಇದು. ದುಡ್ಡು ಜಾಸ್ತಿ, ಜಿಂಕ್ ಕಮ್ಮಿ! ಮೋಸ ಅನ್ಸುತ್ತೆ, ಆದ್ರೆ ಅಲ್ಲ. ಒಂದು ಜಿಂಕ್‌ಗೆ ಒಂದು ಏಡಿ ಬೇಕೇ ಬೇಕು. ಜಿಂಕ್ ಪರಮಾಣುವಿನ ತೂಕ 65 ಆದ್ರೆ ಅದನ್ನ ಹಿಡಿದ ಇಡಿಟಿಎ ತೂಕ 288, ಜೊತೆಗೆ ಎರಡು ಸೋಡಿಯಂ. ಹಾಗಾಗಿ ತೇವವೇ ಇಲ್ಲದ ಶುದ್ಧ ಪುಡಿಯಲ್ಲೂ ಜಿಂಕ್ ಶೇ. 16ರ ಆಸುಪಾಸು ದಾಟಲ್ಲ. ಪ್ಯಾಕೆಟ್ ಮೇಲೆ 'ಇಡಿಟಿಎ ಜಿಂಕ್ ಶೇ. 25' ಅಂತ ಬರೆದಿದ್ರೆ ಅದನ್ನ ಕೆಳಗಿಟ್ಟು ಬರೋದು ಒಳ್ಳೇದು. ಅಂಗಡಿಯವರೂ ಅಷ್ಟೇ, ಅಂಥ ಮಾಲು ಇಳಿಸ್ಕೊಳ್ಳೋ ಮುಂಚೆ ಯೋಚಿಸಬೇಕು. ರೈತ ಬಂದು ಜಗಳ ಆಡೋದು ಕಂಪನಿ ಹತ್ರ ಅಲ್ಲ, ಅಂಗಡಿ ಹತ್ರ.

ಏಡಿಗೆ ಯಾಕೆ ದುಡ್ಡು ಕೊಡಬೇಕು? ಸುಣ್ಣದ ಅಂಶ ಇರೋ ಮಣ್ಣಿಗೆ ಸಲ್ಫೇಟ್ ಹಾಕಿದ್ರೆ ಜಿಂಕ್ ಅಲ್ಲೇ ಸುಣ್ಣದ ಜೊತೆ ಗಟ್ಟಿಯಾಗಿ ಕೂತುಬಿಡುತ್ತೆ, ಬೇರಿಗೆ ಸಿಗಲ್ಲ. ಡಿಎಪಿ ಜೊತೆ ಒಂದೇ ಡ್ರಮ್ಮಿಗೆ ಹಾಕಿದ್ರಂತೂ ಕಣ್ಣೆದುರೇ ಒಡೆದ ಹಾಲಿನ ಥರ ಆಗುತ್ತೆ. ಜಿಂಕೂ ಹೋಯ್ತು, ರಂಜಕವೂ ಹೋಯ್ತು, ಡ್ರಿಪ್ಪಿನ ತೂತೂ ಕಟ್ಕೊಳ್ತು. ಏಡಿ ಹಿಡಿದ ಜಿಂಕ್ ಹೀಗೆ ಕೂರಲ್ಲ, ನೀರಲ್ಲಿ ಕರಗಿದ ಹಾಗೇ ಬೇರಿನವರೆಗೂ ಹೋಗುತ್ತೆ.

ಅಂದ್ರೆ ಎಲ್ಲರಿಗೂ ಬೇಕಾ? ಇಲ್ಲ. ಲಕ್ಕವಳ್ಳಿ ಕಡೆಯ ಹಾಗೆ ಮಳೆ ಜಾಸ್ತಿ, ಕೆಂಪು ಮಣ್ಣು, ಹುಳಿ ಅಂಶ ಇರೋ ಜಮೀನಿಗೆ ಸಲ್ಫೇಟೇ ಸಾಕು, ಮಣ್ಣಿಗೆ ಎಕರೆಗೆ 5ರಿಂದ 10 ಕೆಜಿ. ಕಡೂರು, ಅಜ್ಜಂಪುರ ಬಯಲಲ್ಲಿ ಅಗೆದ್ರೆ ಸುಣ್ಣಕಲ್ಲು ಸಿಗೋ ಹೊಲ ಇದ್ರೆ, ಡ್ರಿಪ್ಪಲ್ಲಿ ಗೊಬ್ಬರ ಬಿಡೋರಾದ್ರೆ ಚಿಲೇಟೆಡ್ ಲೆಕ್ಕಕ್ಕೆ ಬರುತ್ತೆ. ಎಲೆಗೆ ಹೊಡೆಯೋದಾದ್ರೆ ಮಣ್ಣಿನ ಸುಣ್ಣದ ಕಾಟವೇ ಇಲ್ಲ. ಲೀಟರಿಗೆ 5 ಗ್ರಾಂ ಸಲ್ಫೇಟ್, ಎಲೆ ಸುಡದ ಹಾಗೆ ಎರಡೂವರೆ ಗ್ರಾಂ ಸುಣ್ಣ, ಇದು ಹಳೇ ಶಿಫಾರಸು. 15 ಲೀಟರ್ ಟ್ಯಾಂಕಿಗೆ 75 ಗ್ರಾಂ ಸಲ್ಫೇಟ್ ಆಯ್ತು. ಚಿಲೇಟೆಡ್ ಆದ್ರೆ ಸಾಮಾನ್ಯವಾಗಿ ಲೀಟರಿಗೆ ಅರ್ಧದಿಂದ ಒಂದು ಗ್ರಾಂ, ಟ್ಯಾಂಕಿಗೆ 15 ಗ್ರಾಂ ಒಳಗೇ. ಹಾಗಾಗಿ ದರ ಹೋಲಿಸುವಾಗ ಕೆಜಿಗೆ ಎಷ್ಟು ಅಂತ ಕೇಳ್ಬೇಡಿ, ಟ್ಯಾಂಕಿಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ. ಅಂತರ ತುಂಬಾ ಕಮ್ಮಿ ಆಗುತ್ತೆ. ಆದ್ರೆ ಸಲ್ಫೇಟ್ ಟ್ಯಾಂಕಲ್ಲಿ ಜಿಂಕ್ ಎಂಟೊಂಬತ್ತು ಪಟ್ಟು ಜಾಸ್ತಿ ಇರುತ್ತೆ ಅನ್ನೋದೂ ನೆನಪಿರಲಿ.

ಕಬ್ಬಿಣದ ವಿಷಯ ಬೇರೆ. ಸುಣ್ಣ ಜಾಸ್ತಿ ಇರೋ ಮಣ್ಣಲ್ಲಿ ಇಡಿಟಿಎ ಕಬ್ಬಿಣವನ್ನ ಬಿಟ್ಟು ಕ್ಯಾಲ್ಸಿಯಂ ಹಿಡ್ಕೊಂಡುಬಿಡುತ್ತೆ. ಅಲ್ಲಿಗೆ ಇಡಿಡಿಎಚ್‌ಎ ಅನ್ನೋ ಇನ್ನೂ ಗಟ್ಟಿ ಹಿಡಿತದ ಏಡಿ ಬೇಕು. ನೀರಿಗೆ ಹಾಕಿದ್ರೆ ಕಡುಗೆಂಪು ಬಣ್ಣ ಬರೋದು ಇದರ ಗುರುತು.

ಮೂರು ಗ್ಲಾಸಿನ ಪರೀಕ್ಷೆ

ಕೊಂಡ ಪುಡಿ ನಿಜವಾಗ್ಲೂ ಚಿಲೇಟೆಡ್ಡಾ, ಇಲ್ಲಾ ಸಲ್ಫೇಟನ್ನೇ ಪುಡಿ ಮಾಡಿ ತುಂಬಿದ್ದಾರಾ? ಬಟ್ಟೆ ಒಗೆಯೋ ವಾಷಿಂಗ್ ಸೋಡಾ ಸಾಕು. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ತಗೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಗಡಸುತನಕ್ಕೇ ಸೋಡಾ ಹಾಕಿದ ತಕ್ಷಣ ಬೆಳ್ಳಗಾಗಿ ಲೆಕ್ಕ ತಪ್ಪಿಸುತ್ತೆ. ಮೊದಲ ಗ್ಲಾಸಲ್ಲಿ ಬರೀ ನೀರು, ಎರಡನೇದರಲ್ಲಿ ಕಾಲು ಚಮಚ ಸಲ್ಫೇಟ್, ಮೂರನೇದರಲ್ಲಿ ಅಷ್ಟೇ ಚಿಲೇಟೆಡ್ ಕರಗಿಸಿ. ಬೇರೆ ಲೋಟದಲ್ಲಿ ಕರಗಿಸಿದ ಸೋಡಾ ನೀರನ್ನ ಮೂರಕ್ಕೂ ಸ್ವಲ್ಪ ಸ್ವಲ್ಪ ಸುರೀರಿ. ಸಲ್ಫೇಟ್ ಗ್ಲಾಸ್ ದಪ್ಪ ಬಿಳಿ ಗಸಿಯಾಗುತ್ತೆ. ಮೂರನೇದೂ ಹಾಗೇ ಆದ್ರೆ ಅದರಲ್ಲಿ ಏಡಿ ಹಿಡಿಯದ ಜಿಂಕ್ ಇದೆ ಅಂತ ಅರ್ಥ. ಗ್ಲಾಸು ತೊಳೆದ್ರೂ ಮತ್ತೆ ಕುಡಿಯೋಕೆ ಬಳಸ್ಬೇಡಿ.

ತಿಳಿಯಾಗಿ ಉಳೀತು ಅಂದ್ರೆ ಪಾಸ್ ಅಂತಲ್ಲ. ಉಪ್ಪು ತುಂಬಿದ್ರೂ ತಿಳಿಯಾಗೇ ಇರುತ್ತೆ! ಶೇಕಡಾ ಎಷ್ಟಿದೆ ಅನ್ನೋದು ಲ್ಯಾಬಿನಲ್ಲೇ ಗೊತ್ತಾಗೋದು. ಅನುಮಾನ ಬಂದ್ರೆ ಬಿಲ್ಲು, ಪ್ಯಾಕೆಟ್ ಎರಡೂ ಹಿಡ್ಕೊಂಡು ಕೃಷಿ ಇಲಾಖೆ ಕಚೇರಿಗೆ ಹೋಗಿ, ಸ್ಯಾಂಪಲ್ ತೆಗೆಯೋ ಅಧಿಕಾರ ಅವರಿಗಿದೆ. ಬಿಲ್ಲಿಲ್ಲದೆ ಹೋದ್ರೆ ಕೇಸು ನಿಲ್ಲಲ್ಲ.

ಇಷ್ಟೆಲ್ಲ ಮಾಡೋ ಮುಂಚೆ ಜಿಂಕ್ ಕೊರತೆ ಇದೆಯೋ ಇಲ್ವೋ ನೋಡಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ ಜಿಂಕ್ 0.6 ಪಿಪಿಎಂಗಿಂತ ಕೆಳಗಿದ್ರೆ ಕೊರತೆ. ಆ ಅಂಕಿ ತೆಗೆಯೋದೂ ಡಿಟಿಪಿಎ ಅನ್ನೋ ಇನ್ನೊಂದು ಏಡಿಯನ್ನ ಮಣ್ಣಿಗೆ ಬಿಟ್ಟು, ಅದು ಎಷ್ಟು ಜಿಂಕ್ ಹಿಡ್ಕೊಂಡು ಬಂತು ಅಂತ ಅಳೆದೇ. ಮಣ್ಣು ಕೊಡೋಕೆ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮೆಕ್ಕೆಜೋಳದ ಎಳೆ ಎಲೆಯಲ್ಲಿ ಬಿಳಿ ಪಟ್ಟೆ ಬಂದ್ರೆ ಜಿಂಕ್ ಕಡೆ ಅನುಮಾನ ಪಡಬಹುದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದ್ರೆ ಕಬ್ಬಿಣ. ಆದ್ರೆ ಅಡಿಕೆ ಸೋಗೆ ಹಳದಿ ಆಯ್ತು ಅಂತ ಪ್ಯಾಕೆಟ್ ತರೋಕೆ ಓಡ್ಬೇಡಿ. ಬುಡದಲ್ಲಿ ನೀರು ನಿಂತ್ರೂ ಹಳದಿ ಆಗುತ್ತೆ. ಶೃಂಗೇರಿ, ಕೊಪ್ಪ ಕಡೆ ತೋಟ ಹಾಳು ಮಾಡಿರೋ ಹಳದಿ ಎಲೆ ರೋಗವಾಗಿದ್ರೆ ಅದು ರೋಗಾಣುವಿನಿಂದ ಬರೋದು, ಯಾವ ಏಡಿಯಿಂದಲೂ ವಾಸಿ ಆಗಲ್ಲ.