ಸಾವಯವ ತೊಗರಿ: ಹೊಲದಿಂದ ಚೀಲದವರೆಗಿನ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ ಭಾಗದ ನೆಲದಡಿಯ ಸುಣ್ಣದ ಕಲ್ಲು ಸಿಮೆಂಟ್ ಕಾರ್ಖಾನೆಗಳಿಗೂ ಫರಸಿ ವ್ಯಾಪಾರಕ್ಕೂ ಆಧಾರವಾಗಿದೆ. ಅದೇ ನೆಲದ ಕಪ್ಪು ಮಣ್ಣಿನಲ್ಲಿ ಬೆಳೆಯುವ ತೊಗರಿಯ ಬೇಳೆಗೆ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಈ ಹೆಸರನ್ನು ಚೀಲದ ಮೇಲೆ ಮುದ್ರಿಸಬೇಕೆನ್ನುವ ವರ್ತಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಆದರೆ ಊರಿನ ಹೆಸರು ಬೇರೆ, ಸಾವಯವವೆಂಬ ಹೆಸರು ಬೇರೆ. ಎರಡನೆಯದು ಮಣ್ಣಿನಿಂದ ತಾನಾಗಿ ಬರುವುದಿಲ್ಲ. ಪ್ರತಿ ವರ್ಷವೂ ದಾಖಲೆಗಳ ಮೂಲಕ ಸಂಪಾದಿಸಬೇಕಾದುದು.

ಈ ವ್ಯತ್ಯಾಸವನ್ನು ತಿಳಿಯಲು ಫ್ರಾನ್ಸಿನ ಒಂದು ದ್ರಾಕ್ಷಿ ತೋಟದ ಉದಾಹರಣೆ ಉಪಯುಕ್ತ. ಲುವಾರ್ ನದೀ ಕಣಿವೆಯ ಸಾವೆನಿಯೇರ್ ಗ್ರಾಮದಲ್ಲಿ ‘ಕುಲೆ ದ ಸೆರಾಂ’ ಎಂಬ ಸುಮಾರು 7 ಹೆಕ್ಟೇರ್ ತೋಟವಿದೆ. ಅದರ ಒಡೆಯರಾದ ನಿಕೊಲಾ ಜೋಲಿ ಬ್ಯಾಂಕಿನ ಉದ್ಯೋಗ ಬಿಟ್ಟು 1970ರ ದಶಕದ ಕೊನೆಯಲ್ಲಿ ಕುಟುಂಬದ ತೋಟಕ್ಕೆ ಮರಳಿದವರು. ಮೊದಲು ಸಲಹೆಗಾರರ ಮಾತಿನಂತೆ ಕಳೆನಾಶಕ ಬಳಸಿ, ಸ್ವಲ್ಪ ಕಾಲದಲ್ಲೇ ಮಣ್ಣಿನ ಬಣ್ಣ ಬದಲಾದುದನ್ನು ಕಂಡು ದಾರಿ ಬದಲಿಸಿದುದಾಗಿ ಅವರೇ ಹೇಳಿದ್ದಾರೆ. 1984ರಿಂದ ಇಡೀ ತೋಟವು ಜೈವಿಕ ಚೈತನ್ಯ ಕೃಷಿಯಲ್ಲಿದೆ. 1924ರಲ್ಲಿ ರುಡಾಲ್ಫ್ ಸ್ಟೈನರ್ ನೀಡಿದ ಉಪನ್ಯಾಸಗಳಿಂದ ಹುಟ್ಟಿದ ಈ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲದುದ್ದಕ್ಕೂ ಹೂಳಿಟ್ಟು, ವಸಂತದಲ್ಲಿ ತೆಗೆದು, ನೀರಿನಲ್ಲಿ ಒಂದು ಗಂಟೆ ಕಲಕಿ ಹೊಲಕ್ಕೆ ಸಿಂಪಡಿಸುತ್ತಾರೆ. ಚಂದ್ರನ ಗತಿಗೆ ತಕ್ಕಂತೆ ಕೆಲಸ ಮಾಡುವ ಭಾಗಕ್ಕೆ ವಿಜ್ಞಾನದ ಬೆಂಬಲ ಅಷ್ಟಾಗಿ ಇಲ್ಲ. ಸಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಬೆರೆಸಿ ಜೀವಾಮೃತ ತಯಾರಿಸುವ ಇಲ್ಲಿಯ ರೈತನಿಗೆ ಉಳಿದ ಭಾಗ ಹೊಸದೆನಿಸದು.

ವರ್ತಕರು ಗಮನಿಸಬೇಕಾದುದು ಕೊಂಬನ್ನಲ್ಲ. ಅಂತಹ ಕುಟುಂಬದ ತೋಟದಲ್ಲಿ ಬೆಳೆಯುವವರು, ಹಿಂಡುವವರು, ಸೀಸೆಗೆ ತುಂಬುವವರು ಒಬ್ಬರೇ. ಮಾಲು ಕೈ ಬದಲಾಗದಿರುವುದರಿಂದ ಬೆರಕೆಗೆ ಅವಕಾಶವೇ ಕಡಿಮೆ. ತೊಗರಿಯ ಸ್ಥಿತಿ ಇದಕ್ಕೆ ವಿರುದ್ಧ. ರೈತ, ಅಡತ್ ಅಂಗಡಿ, ಗೋದಾಮು, ದಾಲ್ ಮಿಲ್, ಸಗಟು ವ್ಯಾಪಾರಿ ಎಂದು ಮಾಲು ಐದು ಕೈ ದಾಟುತ್ತದೆ. ಒಂದು ಕೈಯಲ್ಲಿ ತಪ್ಪಿದರೂ ಉಳಿದ ನಾಲ್ಕರ ಶ್ರಮ ವ್ಯರ್ಥ.

2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ, ತೊಗರಿಯಂತಹ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚಿನ ಎರಡು ವರ್ಷ ಪರಿವರ್ತನಾ ಅವಧಿ. ದ್ರಾಕ್ಷಿಯಂತಹ ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ. ಈ ಅವಧಿಯಲ್ಲಿ ಖರ್ಚು ಸಾವಯವದ್ದು, ದರ ಮಾತ್ರ ಸಾಮಾನ್ಯ ಮಾಲಿನದು. ಅಂತರವನ್ನು ಸದ್ಯ ರೈತನೊಬ್ಬನೇ ಹೊರುತ್ತಿದ್ದಾನೆ. ಮೂರನೆಯ ವರ್ಷ ಮಾಲು ಬೇಕೆನ್ನುವ ಮಿಲ್ ಮಾಲೀಕರು ಮೊದಲ ವರ್ಷವೇ ಲಿಖಿತ ಖರೀದಿ ಕರಾರು ಮಾಡಿಕೊಳ್ಳುವುದು ನ್ಯಾಯವೂ ಹೌದು, ವ್ಯವಹಾರವೂ ಹೌದು. ಇಲ್ಲವಾದರೆ ಕಾಯಿಕೊರಕ ಹೆಚ್ಚಿದ ಒಂದೇ ವರ್ಷದಲ್ಲಿ ರೈತ ಔಷಧಿ ಡಬ್ಬಿಯತ್ತ ಕೈ ಚಾಚುತ್ತಾನೆ. ಅಲ್ಲಿಗೆ ಕಳೆದ ವರ್ಷಗಳ ಎಣಿಕೆ ಅಳಿಸಿಹೋಗುತ್ತದೆ. ಬೇವಿನ ಬೀಜದ ಕಷಾಯ, ಮೋಹಕ ಬಲೆ, ಗಿಡ ಅಲುಗಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಬೀಳಿಸುವ ಕ್ರಮ ಇವೆಲ್ಲ ಈ ಜಿಲ್ಲೆಯ ರೈತರಿಗೆ ಗೊತ್ತಿರುವವೇ. ಆದರೆ ಅವುಗಳಿಗೆ ಆಳು ಬೇಕು, ಆಳಿಗೆ ಕೂಲಿ ಬೇಕು. 2022ರ ಹಂಗಾಮಿನಲ್ಲಿ ನೆಟೆ ರೋಗದಿಂದ ಒಣಗಿದ ಹೊಲಗಳ ನೆನಪೂ ರೈತನಲ್ಲಿ ಇನ್ನೂ ಹಸಿಯಾಗಿದೆ.

ಮಿಲ್ಲಿನೊಳಗೆ ಸಮಸ್ಯೆ ಬೇರೆ ಬಗೆಯದು. ಸಾವಯವ ತೊಗರಿಯನ್ನು ಪ್ರತ್ಯೇಕವಾಗಿ ದಾಸ್ತಾನು ಮಾಡಬೇಕು; ಗೋದಾಮಿನಲ್ಲಿ ಹುಳು ತಡೆಯಲು ಸಾಮಾನ್ಯವಾಗಿ ಇಡುವ ವಿಷಾನಿಲದ ಗುಳಿಗೆಗಳನ್ನು ಬಳಸುವಂತಿಲ್ಲ. ಅದೇ ಯಂತ್ರದಲ್ಲಿ ಸಾಮಾನ್ಯ ಮಾಲನ್ನೂ ಒಡೆಯುವುದಾದರೆ ಮೊದಲು ಯಂತ್ರವನ್ನು ಸ್ವಚ್ಛಗೊಳಿಸಿ ಅದನ್ನು ದಾಖಲಿಸಬೇಕು. ತಪಾಸಣೆಗೆ ಬರುವವರು ಯಂತ್ರಕ್ಕಿಂತ ಹೆಚ್ಚಾಗಿ ಪುಸ್ತಕ ನೋಡುತ್ತಾರೆ. 100 ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕ್ವಿಂಟಲ್ ಬೇಳೆ, ಉಳಿದುದು ಹೊಟ್ಟು, ನುಚ್ಚು, ಚುನ್ನಿ. ಖರೀದಿ 100 ಇದ್ದು ಸಾವಯವ ಬೇಳೆಯ ಮಾರಾಟ 90 ಎಂದಿದ್ದರೆ ಉತ್ತರ ಹೇಳಲು ಯಾವ ಲೆಕ್ಕಿಗನಿಂದಲೂ ಆಗದು. ಪ್ರತಿ ಮಾರಾಟಕ್ಕೂ ವಹಿವಾಟು ಪ್ರಮಾಣಪತ್ರ ಬೇಕಾಗುವುದರಿಂದ ಮಾರಿದ ತೂಕವು ಖರೀದಿಯ ತೂಕದಿಂದ ಕಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಸಾವಯವ ಮಾಲಿಗೆ ಬೇರೆ ದಾಸ್ತಾನು ವಹಿ, ಬೇರೆ ಬಿಲ್ ಸರಣಿ, ಪ್ರತಿ ಚೀಲಕ್ಕೆ ಲಾಟ್ ಸಂಖ್ಯೆ ಇರಬೇಕು. ರೈತರ ಗುಂಪಿನಿಂದ ಖರೀದಿಸುವವರು ಇನ್ನೊಂದು ಅಂಶ ನೋಡಬೇಕು: 2025ರಲ್ಲಿ ಪರಿಷ್ಕೃತವಾದ ನಿಯಮಗಳ ಪ್ರಕಾರ ಗುಂಪಿಗೆ ಕಾನೂನುಬದ್ಧ ಅಸ್ತಿತ್ವವಿರಬೇಕು.

ದೇಶದೊಳಗೆ ಮಾತ್ರ ಮಾರುವವರಿಗೆ 2011ರಲ್ಲಿ ಆರಂಭವಾದ ಸಹಭಾಗಿತ್ವ ಖಾತರಿ ಪದ್ಧತಿಯೂ ಉಂಟು. ರೈತರೇ ಪರಸ್ಪರ ಹೊಲ ಪರಿಶೀಲಿಸುವುದರಿಂದ ಖರ್ಚು ಕಡಿಮೆ. ರಫ್ತಿಗೆ ಅದು ನಡೆಯುವುದಿಲ್ಲ. ಸಾವಯವವೆಂದು ಚೀಟಿ ಹಚ್ಚಿ ಮಾರುವ ಆಹಾರಕ್ಕೆ 2017ರ ಆಹಾರ ಸುರಕ್ಷತಾ ನಿಯಮಗಳಂತೆ ಈ ಎರಡರಲ್ಲಿ ಒಂದು ಪ್ರಮಾಣೀಕರಣ ಇರಬೇಕು.

ಕೊನೆಯದಾಗಿ ತೆರಿಗೆ. ಸಡಿಲ ಬೇಳೆಗೆ ಜಿ.ಎಸ್.ಟಿ. ಇಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುಂಚಿತವಾಗಿ ತುಂಬಿ ಚೀಟಿ ಹಚ್ಚಿದ ಪೊಟ್ಟಣಕ್ಕೆ ಶೇ. 5 ತೆರಿಗೆ ಬಂದಿದೆ. ಸಾವಯವ ಬೇಳೆ ಹೆಚ್ಚಾಗಿ ಒಂದು, ಎರಡು ಕಿಲೋ ಪೊಟ್ಟಣದಲ್ಲೇ ಮಾರಾಟವಾಗುವುದರಿಂದ ಈ ತೆರಿಗೆಯನ್ನು ದರ ನಿಗದಿಯಲ್ಲೇ ಸೇರಿಸಬೇಕು. ಪೊಟ್ಟಣ ಸಾಮಗ್ರಿ ಮತ್ತು ಪ್ರಮಾಣೀಕರಣ ಶುಲ್ಕದ ಮೇಲೆ ಕೊಟ್ಟ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಬಹುದು. ಸಡಿಲ ಬೇಳೆಯನ್ನೂ ಮಾರುವವರು ಎರಡಕ್ಕೂ ಸಮಾನವಾದ ಖರ್ಚಿನ ಜಮೆಯನ್ನು ಮಾರಾಟದ ಪ್ರಮಾಣದಂತೆ ಹಂಚಿ, ತೆರಿಗೆರಹಿತ ಭಾಗವನ್ನು ಬಿಟ್ಟುಕೊಡಬೇಕು.