ಕೂಲಿಮಠದ ದಿನಚರಿ: 1823ರ ಬಳ್ಳಾರಿ ಸೀಮೆ

ಹಿಂದಿನ ಕಾಲದ ಗ್ರಾಮಶಾಲೆಯನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಅದು ಬೆತ್ತದ ಭಯದಲ್ಲಿ ನಡೆದ ಗಿಳಿಪಾಠವೆಂಬುದು ಒಂದು. ಪರರಾಜ್ಯದಲ್ಲಿ ಬೇರೊಣಗಿದ ಸುಂದರ ವೃಕ್ಷವೆಂಬುದು ಮತ್ತೊಂದು. ಇವೆರಡನ್ನೂ ಒರೆಗೆ ಹಚ್ಚಿ ನೋಡಲು ಕನ್ನಡನಾಡಿಗೆ ಸಂಬಂಧಿಸಿದ ಸಮಕಾಲೀನ ದಾಖಲೆಯೊಂದು ಉಂಟು. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆ ಜಿಲ್ಲೆಯ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಬರೆದ ವರದಿಯೇ ಅದು. ತೆಲುಗು ವ್ಯಾಕರಣವನ್ನು ರಚಿಸಿದ್ದ ಈ ಅಧಿಕಾರಿ ಶಾಲೆಗಳನ್ನು ಎಣಿಸಿದ್ದಷ್ಟೇ ಅಲ್ಲ, ಅವುಗಳ ದಿನಚರಿಯನ್ನೂ ಬರೆದಿಟ್ಟನು.

ಅನಂತಪುರ ಪ್ರಾಂತವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಒಟ್ಟು ವಿದ್ಯಾರ್ಥಿಗಳು 6,641. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ.

ಐದು ವರುಷ ತುಂಬಿದ ಹುಡುಗನ ಮನೆಗೆ ಅಯ್ಯನವರೂ ಶಾಲೆಯ ಮಕ್ಕಳೂ ಬರುತ್ತಿದ್ದರು. ಗಣಪತಿಯ ಸುತ್ತಲೂ ಎಲ್ಲರೂ ಕುಳಿತ ಬಳಿಕ ಅಯ್ಯನವರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವನಾಮವನ್ನು ಬರೆಯಿಸುವರು. ಆ ಮೇಲೆ ಶಾಲೆ ಮೊದಲು.

ಶಾಲೆ ತೆರೆಯುವುದು ಬೆಳಗಿನ ಆರು ಗಂಟೆಗೆ. ಮೊದಲು ಬಂದವನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬ ಗುರುತು. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಒಂದೊಂದು ಹೆಚ್ಚು. ಸೋಮಾರಿಗಳನ್ನು ಕೈಗಳೆರಡನ್ನೂ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದುದೂ ಉಂಟು. ಎಡೆಬಿಡದೆ ಮಂಡಿಯೂರಿ ಏಳಿಸುತ್ತಿದ್ದುದೂ ಉಂಟು.

ಎಲ್ಲರೂ ಕೂಡಿದ ಮೇಲೆ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಮೇಲಿನವರಿಗೆ ಅಯ್ಯನವರೇ ಹೇಳಿಕೊಡುವರು. ಕೆಳಗಿನವರ ಪಾಠಕ್ಕೆ ಹಿರಿಯ ವಿದ್ಯಾರ್ಥಿಗಳು ನೆರವಾಗುವರು. ಅಕ್ಷರವನ್ನು ಮಗು ಉಚ್ಚರಿಸಿ ಕಲಿಯುತ್ತಿರಲಿಲ್ಲ, ಮರಳಿನಲ್ಲಿ ಬೆರಳಿನಿಂದ ಬರೆದು ಕಲಿಯುತ್ತಿತ್ತು. ಕೈ ಪಳಗಿದ ಮೇಲೆ ಓಲೆಯ ಮೇಲೆ ಕಂಟ, ಕಾಗದದ ಮೇಲೆ ಲಾಳದ ಲೇಖನಿ, ಇಲ್ಲವೆ ಹಲಗೆ ಮತ್ತು ಕಡತ. ಒಂದಡಿ ಅಗಲ, ಮೂರಡಿ ಉದ್ದದ ಹಲಗೆಗೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಸಾಕು, ಪಾಟಿ ಸಿದ್ಧ. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳ ಲೇಪ ಕೊಟ್ಟರೆ ಅದೇ ಕಡತ. ಎರಡರ ಮೇಲೂ ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಬಹುದಿತ್ತು. ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಸಲ್ಲುವ ಹೆಸರು ಅಂದು ಬಾಲಕನ ಕೈಯಲ್ಲಿದ್ದ ಈ ವಸ್ತುವಿನದು.

ದಿನಕ್ಕೆ ಎರಡು ಬಾರಿ ಮಕ್ಕಳೆಲ್ಲ ಸಾಲಾಗಿ ನಿಂತು ಮಗ್ಗಿಯನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಬ್ಬನು ಹೇಳಿಕೊಟ್ಟಂತೆ ಒಪ್ಪಿಸಬೇಕು. ಭಿನ್ನರಾಶಿಗಳು ದಶಾಂಶದಲ್ಲಿ ಅಲ್ಲ, ನಾಲ್ಕನೆಯ ಒಂದು ಭಾಗ, ಅದರ ನಾಲ್ಕನೆಯ ಒಂದು ಭಾಗ, ಎಂಬ ಕ್ರಮದಲ್ಲಿ ಇಳಿಯುತ್ತಿದ್ದುವು. ಬಗೆಬಗೆಯ ಕೈಬರಹದ ಪತ್ರಗಳನ್ನು ಅಯ್ಯನವರು ಸಂಗ್ರಹಿಸಿಟ್ಟು ಓದಿಸುತ್ತಿದ್ದರು. ಕಾಗದ ಬರೆಯುವುದನ್ನೂ ಕರಾರುಪತ್ರದ ಒಕ್ಕಣೆಯನ್ನೂ ಕಲಿಸುತ್ತಿದ್ದರು. ಸಾಲಪತ್ರದಲ್ಲಿ ಏನಿದೆಯೆಂದು ತಾನೇ ಓದಬಲ್ಲವನಿಗೆ ಈ ವಿದ್ಯೆಯ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾವ್ಯಪಾಠದ ಕಥೆ ಬೇರೆ. ಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದುವನ್ನು ಮಕ್ಕಳು ಓದುತ್ತಿದ್ದರು. ಆದರೆ ಆಡುಮಾತಿಗೆ ದೂರವಾದ ಆ ಭಾಷೆಯ ಅರ್ಥ ಅವರಿಗೆ ಆಗುತ್ತಿರಲಿಲ್ಲ. ಉಚ್ಚಾರ ತಿದ್ದಿತು, ತಿಳಿವಳಿಕೆ ಬೆಳೆಯಲಿಲ್ಲ ಎಂಬುದು ಕ್ಯಾಂಪ್‌ಬೆಲ್ಲನ ಆಕ್ಷೇಪ. ಆದರೂ ಬರಹ ಕಲಿಸುವುದರಲ್ಲಿದ್ದ ಮಿತವ್ಯಯವನ್ನೂ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ಅವನು ಮನಸಾರೆ ಮೆಚ್ಚಿದನು. ಇಂಗ್ಲೆಂಡು ಅದನ್ನು ಅನುಕರಿಸಿದುದು ಯೋಗ್ಯವೇ ಎಂದನು.

ಇಂತಹ ಶಾಲೆಗಳು ಕ್ಷೀಣಿಸಿದುದೇಕೆ? ಆ ಸರಕಾರದ ಅಧಿಕಾರಿಯೇ ಇದಕ್ಕೆ ಉತ್ತರವಿತ್ತಿದ್ದಾನೆ. ಇಂಗ್ಲಿಷ್ ಬಟ್ಟೆಯಿಂದ ನೇಕಾರರು ಕೆಟ್ಟರು. ಸೈನ್ಯ ದೂರಕ್ಕೆ ಹೋಗಿ ಧಾನ್ಯದ ಬೇಡಿಕೆ ಕುಗ್ಗಿತು. ನಾಡಿನಲ್ಲೇ ವೆಚ್ಚವಾಗುತ್ತಿದ್ದ ಹಣ ಹೊರಗೆ ಹರಿಯಿತು. ಎಳೆಯ ಕೈಗಳು ಕೂಲಿಗೆ ಬೇಕಾದುವು, ಕಲಿಕೆಯ ವೆಚ್ಚ ಭಾರವಾಯಿತು. ಮೊದಲು ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಶಾಲೆಯೇ ಇಲ್ಲದಾಯಿತು. 533ರಲ್ಲಿ ಒಂದಕ್ಕೂ ಸರಕಾರದ ನೆರವು ಇರಲಿಲ್ಲ.

1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರು ಸುಂದರ ವೃಕ್ಷದ ಮಾತನ್ನು ಆಡಿದರು. 1983ರಲ್ಲಿ ಧರ್ಮಪಾಲರು ಆ ಹೆಸರಿನ ಗ್ರಂಥದಲ್ಲಿ ಮನ್ರೋ ಕಾಲದ ಈ ವರದಿಗಳನ್ನು ಪ್ರಕಟಿಸಿದರು. ವೃಕ್ಷವಿದ್ದುದು ನಿಜ. ಅದರ ನೆರಳು ಕಿರಿದಾಗಿದ್ದುದೂ ನಿಜ: 9,27,857 ಜನರಲ್ಲಿ ಶಾಲೆಗೆ ಹೋದವರು ಸಾವಿರಕ್ಕೆ ಏಳು ಮಂದಿ, 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಅರುವತ್ತೇ. ಊರವರ ದುಡಿಮೆಯಿಂದಲೇ ಬದುಕಿದ್ದ ಶಾಲೆ ಆ ದುಡಿಮೆ ಕೆಟ್ಟೊಡನೆ ಬಾಡಿತು. ಮನೆಯ ವರಮಾನಕ್ಕೂ ಮಗುವಿನ ಅಕ್ಷರಕ್ಕೂ ಇರುವ ಈ ನಂಟೇ ವರದಿಯ ಮುಖ್ಯ ಪಾಠ.