ನೆಲ ಮುಟ್ಟಿದ ಮೇಲೂ ಮುಗಿಯದ ಹಾರಾಟ

ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ನುಗ್ಗುವವರನ್ನು ದಿನಾ ನೋಡ್ತೀರಿ. ‘ಊರು ಬಂತಲ್ಲ, ಇನ್ನೇನು?’ ಅನ್ನೋದು ಅವರ ಲೆಕ್ಕ. ಹಳೇ ಕಾಲದ ಮಿಲಿಟರಿ ತರಬೇತಿ ವಿಮಾನದಲ್ಲಿ ಪೈಲಟ್ಟು ಇದೇ ಲೆಕ್ಕ ಹಾಕಿದನೋ, ಕೆಟ್ಟ!

ಆಕಾಶದಲ್ಲಿ ಎಲ್ಲಾ ಸರಿಯಾಗಿರುತ್ತೆ. ಇಂಜಿನ್ನಿನಲ್ಲಿ ದೋಷವಿಲ್ಲ. ಚಕ್ರ ನೆಲ ಮುಟ್ಟಿದೆ, ನೋಡುವವರು ಚಪ್ಪಾಳೆಯನ್ನೂ ತಟ್ಟಿದ್ದಾರೆ. ಅಷ್ಟರಲ್ಲಿ ಬಾಲ ಒಂದು ಪಕ್ಕಕ್ಕೆ ಜಾರುತ್ತೆ. ವಿಮಾನ ಗಿರ್ರನೆ ತಿರುಗಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ, ಕೆಲವೊಮ್ಮೆ ಚಕ್ರದ ಕಾಲೇ ಮುರಿದು ಕೂರುತ್ತೆ. ಇದಕ್ಕೆ ವಿಮಾನದವರು ‘ಗ್ರೌಂಡ್ ಲೂಪ್’ ಅಂತಾರೆ. ನಮ್ಮ ಮಾತಲ್ಲಿ ನೆಲದ ಗಿರಕಿ ಅನ್ನಿ.

ಯಾಕೆ ಹೀಗೆ?

ನಮ್ಮ ಬೆಂಗಳೂರಿನ ಕೂಸನ್ನೇ ತೆಗೆದುಕೊಳ್ಳಿ. ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್.ಎ.ಎಲ್. ರೂಪಿಸಿದ ಎಚ್.ಟಿ.-2 ವಿಮಾನ ಮೊದಲು ಹಾರಿದ್ದು 1951ರಲ್ಲಿ. 155 ಅಶ್ವಶಕ್ತಿಯ ಇಂಜಿನ್ನು, ಒಬ್ಬರ ಹಿಂದೆ ಒಬ್ಬರಂತೆ ಎರಡು ಆಸನ. ವಾಯುಪಡೆಯ ಎಷ್ಟೋ ಹುಡುಗರು ಇದರಲ್ಲೇ ಹಾರಾಟದ ಓಂಕಾರ ಕಲಿತರು. ಅದಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ವಿಮಾನದ ಭಾರವೆಲ್ಲ ದೊಡ್ಡ ಚಕ್ರಗಳ ಹಿಂದೆ. ಮರ್ಮ ಇರೋದೇ ಇಲ್ಲಿ.

ಎತ್ತಿನ ಗಾಡಿಯನ್ನು ಮುಂದಕ್ಕೆ ಎಳೆದರೆ ನೆಟ್ಟಗೆ ಬರುತ್ತೆ. ಅದನ್ನೇ ನೊಗ ಹಿಡಿದು ಹಿಂದಕ್ಕೆ ತಳ್ಳಿ ನೋಡಿ, ಯಾವ ಕಡೆ ಹೊರಳುತ್ತೋ ದೇವರೇ ಬಲ್ಲ! ಈ ವಿಮಾನವೂ ಹಾಗೆಯೇ. ಬಾಲ ಸ್ವಲ್ಪ ಪಕ್ಕಕ್ಕೆ ಹೋದರೆ, ಹಿಂದಿನ ಭಾರ ಅದನ್ನು ಇನ್ನಷ್ಟು ತಳ್ಳುತ್ತೆ. ಪೈಲಟ್ಟು ಕಾಲಿನ ಪೆಡಲ್ ಒತ್ತಿ ಆ ಕ್ಷಣವೇ ತಿದ್ದಬೇಕು. ತಡವಾದರೆ ತಿದ್ದಲಾಗದು.

ತೊಂದರೆ ಇಷ್ಟಕ್ಕೇ ನಿಲ್ಲೋದಿಲ್ಲ. ಬಾಲದ ಚುಕ್ಕಾಣಿಗೆ ಗಾಳಿಯೇ ಬಲ. ವೇಗ ಇಳಿದಂತೆ ಆ ಬಲವೂ ಇಳಿಯುತ್ತೆ. ಬ್ರೇಕು ಜೋರಾಗಿ ಒತ್ತಿದರೆ ವಿಮಾನ ಮುಗ್ಗರಿಸಿ ಮೂಗಿನ ಮೇಲೆ ಬಿದ್ದೀತು. ಮೂಗು ಎತ್ತರಕ್ಕಿರೋದರಿಂದ ಎದುರಿನ ದಾರಿಯೂ ಸರಿಯಾಗಿ ಕಾಣೋದಿಲ್ಲ.

ಹಾಗಾದರೆ ಅಂದಿನವರು ದಡ್ಡರೇ? ಅಲ್ಲ ಸ್ವಾಮಿ. ಅಂದು ವಿಮಾನ ಇಳಿಯುತ್ತಿದ್ದದ್ದು ಹೆಚ್ಚಾಗಿ ಹುಲ್ಲಿನ ಬಯಲಿನಲ್ಲಿ. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿಯೇ ಇಳಿಯಬಹುದಿತ್ತು. ಬಾಲದ ಚಕ್ರದಿಂದ ಮೂಗು ಮೇಲಿದ್ದು, ಪಂಕ ನೆಲಕ್ಕೆ ತಾಗುತ್ತಿರಲಿಲ್ಲ. ಸ್ಪಿಟ್‌ಫೈರ್, ಹರಿಕೇನ್‌ನಂಥ ಯುದ್ಧವಿಮಾನಗಳಿಗೂ ಬಾಲದ ಚಕ್ರವೇ. ಅದಕ್ಕೇ ಟೈಗರ್ ಮಾತ್, ಹಾರ್ವರ್ಡ್‌ಗಳಂಥ ತರಬೇತಿ ವಿಮಾನದಲ್ಲೇ ಹುಡುಗರ ಕಾಲು ಪಳಗಬೇಕಿತ್ತು.

ಇಂದು ರನ್‌ವೇ ಅಂದರೆ ನೆಟ್ಟಗಿನ ಒಂದೇ ಡಾಂಬರು ಅಥವಾ ಕಾಂಕ್ರೀಟ್ ಪಟ್ಟಿ. ಅಡ್ಡಗಾಳಿ ಬೀಸಿದರೂ ಅದರಲ್ಲೇ ಇಳಿಯಬೇಕು. ಹುಲ್ಲಿನ ಮೇಲೆ ಚಕ್ರ ಸ್ವಲ್ಪ ಜಾರಿ ತಪ್ಪನ್ನು ಮನ್ನಿಸುತ್ತೆ, ಗಟ್ಟಿ ನೆಲ ಮನ್ನಿಸೋದಿಲ್ಲ. ಎಚ್.ಟಿ.-2ರ ಜಾಗಕ್ಕೆ ಬಂದ ಎಚ್.ಪಿ.ಟಿ.-32 ದೀಪಕ್‌ಗೆ ಮೂಗಿನಡಿ ಚಕ್ರ, ಭಾರ ಮುಖ್ಯ ಚಕ್ರಗಳ ಮುಂದೆ. ಅಂಥ ವಿಮಾನ ಸ್ವಲ್ಪ ಸೊಟ್ಟಗಿಳಿದರೂ ತಾನೇ ನೆಟ್ಟಗಾಗಲು ನೋಡುತ್ತೆ. ಅದರಲ್ಲೇ ಪಳಗಿದ ಕಾಲು, ಹಳೇ ವಿಮಾನಕ್ಕೆ ಕೂತರೆ ಎಡವೋದು ಸಹಜ.

ನಮ್ಮ ವಾಯುಪಡೆ ದುರಸ್ತಿ ಮಾಡಿಸಿದ ಟೈಗರ್ ಮಾತ್ 2012ರ ವಾಯುಪಡೆ ದಿನದಂದು ಹಾರಿ ತೋರಿಸಿತು. ಇಂಥ ವಿಮಾನಗಳು ಇನ್ನು ಹುಟ್ಟೋದಿಲ್ಲ. ಒಂದು ಗಿರಕಿಯಲ್ಲಿ ಮುರಿಯೋದು ಬರೀ ರೆಕ್ಕೆಯಲ್ಲ, ಇತಿಹಾಸದ ಒಂದು ತುಂಡು. ಒಳಗೆ ಕೂತವರ ಜೀವದ ಮಾತಂತೂ ಬೇರೆ ಹೇಳಬೇಕಿಲ್ಲ.

ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಒಂದು ಸುತ್ತು ಹಾಕಿ. ಎಚ್.ಟಿ.-2 ಅಲ್ಲಿದೆ. ಅದರ ಪುಟ್ಟ ಬಾಲದ ಚಕ್ರವನ್ನು ನೋಡಿ. ವಾಪಸು ಬರುವಾಗ ಬಸ್ಸು ಪೂರಾ ನಿಲ್ಲುವ ತನಕ ಸೀಟಿನಲ್ಲೇ ಕೂತಿರಿ!